ಯುದ್ಧಕಾಲದ ಆತ್ಮಕಥೆ ಓದಿ ಮುಗಿಸಿದೆ, ಆ ಕೈ ಚಾಚೋ ಪುಟ ಮಾತ್ರ ದಾಟಕ್ಕಾಗ್ತಿಲ್ಲ

ಅಬ್ಬಿನೀರು, ಸಾಗರ

ಎಲ್ರಿಗೂ ನಮಸ್ಕಾರ. ಇಲ್ಲಿ ಮಳೆ ಹಿಡ್ಕೊಂಡು ಹನ್ನೊಂದು ದಿನ ಆಯ್ತು, ಕರೆಂಟು ಬಂದ್ರೆ ಬಂತು ಇಲ್ಲಾಂದ್ರೆ ಇಲ್ಲ, ತೋಟಕ್ಕೆ ಇಳಿಯೋ ಹಾಗೇ ಇಲ್ಲ, ಅದಕ್ಕೆ ಸಂಜೆ ಬಚ್ಚಲೊಲೆ ಮುಂದೆ ಕೂತು ಮಗಳ ಹಾಸ್ಟೆಲ್ ಪೆಟ್ಟಿಗೆಯಲ್ಲಿ ಸಿಕ್ಕಿದ ಒಂದು ಇಂಗ್ಲಿಷ್ ಪುಸ್ತಕ ಓದ್ದೆ. ಕೊರಿ ಟೆನ್ ಬೂಮ್ ಅನ್ನೋ ಡಚ್ ಹೆಂಗಸಿನ ‘ದಿ ಹೈಡಿಂಗ್ ಪ್ಲೇಸ್’, 1971ರಲ್ಲಿ ಬಂದಿದ್ದು. ಇಂಗ್ಲಿಷ್ ಕಷ್ಟ ಇಲ್ಲ, ಡಿಕ್ಷನರಿ ಇಲ್ದೇನೇ ಓದಬಹುದು.

ಓದದೇ ಇರೋರಿಗೆ ಸ್ವಲ್ಪದ್ರಲ್ಲಿ ಹೇಳ್ತೀನಿ. ಹಾಲೆಂಡಿನ ಹಾರ್ಲೆಮ್ ಪೇಟೆಯಲ್ಲಿ 1837ರಿಂದ ನಡ್ಕೊಂಡು ಬಂದ ಗಡಿಯಾರದ ಅಂಗಡಿ, ಅದರ ಮೇಲೇ ಮನೆ. ಎಂಬತ್ತು ದಾಟಿದ ಅಪ್ಪ, ಮದುವೆ ಆಗದ ಇಬ್ರು ಹೆಣ್ಮಕ್ಕಳು, ಬೆಟ್ಸಿ ಮತ್ತೆ ಕೊರಿ, ಇಬ್ರಿಗೂ ಐವತ್ತರ ಆಸುಪಾಸು. 1940ರ ಮೇನಲ್ಲಿ ಜರ್ಮನ್ನರು ದೇಶ ಹಿಡೀತಾರೆ, ಯಹೂದ್ಯರನ್ನ ಮನೆಮನೆಯಿಂದ ಎಳ್ಕೊಂಡು ಹೋಗ್ತಾರೆ, ಇವರು ತಮ್ಮ ಮನೆಗೆ ಬಂದೋರನ್ನ ಬಚ್ಚಿಡೋಕೆ ಶುರು ಮಾಡ್ತಾರೆ. ಕೊರಿ ಮಲಗೋ ಕೋಣೆ ಮನೆಯ ತುತ್ತತುದೀಲಿ, ಅಲ್ಲಿ ಇಟ್ಟಿಗೆ ಕಟ್ಟಿ ಒಂದು ಸುಳ್ಳು ಗೋಡೆ, ಅದರ ಹಿಂದೆ ಎರಡೂವರೆ ಅಡಿ ಅಗಲದ ಸಂದಿ, ಬಟ್ಟೆ ಕಪಾಟಿನ ಕೆಳಗಿನ ಹಲಗೆ ಸರಿಸಿ ತೆವಳ್ಕೊಂಡು ಒಳಗೆ ಹೋಗ್ಬೇಕು. 1944ರ ಫೆಬ್ರವರಿ 28ಕ್ಕೆ ಯಾರೋ ಕೊಟ್ಟ ಸುಳಿವಿನ ಮೇಲೆ ಪೊಲೀಸ್ ಬರ್ತಾರೆ, ಮನೆಯವರನ್ನೆಲ್ಲ ಹಿಡ್ಕೊಂಡು ಹೋಗ್ತಾರೆ, ಗೋಡೆ ಹಿಂದಿದ್ದ ಆರು ಜನ ಮಾತ್ರ ಸಿಗಲ್ಲ. ಅವರು ಎರಡು ದಿನ ಹಾಗೇ ಉಸಿರು ಬಿಗಿಹಿಡ್ಕೊಂಡು ನಿಂತಿದ್ರಂತೆ.

ಅಪ್ಪನಿಗೆ 84. ಹತ್ತು ದಿನಕ್ಕೆ ಸೆರೆಯಲ್ಲಿದ್ದಾಗಲೇ ಹೋಗ್ಬಿಟ್ರು. ಅಕ್ಕತಂಗಿ ಇಬ್ರನ್ನೂ ಕೊನೆಗೆ ಬರ್ಲಿನ್ ಉತ್ತರಕ್ಕಿರೋ ರಾವೆನ್ಸ್‌ಬ್ರುಕ್ ಅನ್ನೋ ಹೆಂಗಸರ ಸೆರೆಶಿಬಿರಕ್ಕೆ ಸಾಗಿಸ್ತಾರೆ. ಬೆಟ್ಸಿ 1944ರ ಡಿಸೆಂಬರಲ್ಲಿ ಅಲ್ಲೇ ತೀರ್ಕೊಳ್ತಾಳೆ. ಆಮೇಲೆ ಎರಡು ವಾರದೊಳಗೆ ಕೊರಿಗೆ ಬಿಡುಗಡೆ ಕಾಗದ ಬರುತ್ತೆ, ಅದು ಯಾವನೋ ಗುಮಾಸ್ತನ ಕೈತಪ್ಪು ಅಂತ ಅವಳಿಗೆ ಎಷ್ಟೋ ವರ್ಷ ಆದ್ಮೇಲೆ ಗೊತ್ತಾಗುತ್ತೆ.

ಈಗ ನಾನು ನಿಂತಿರೋ ಪುಟ. ಯುದ್ಧ ಮುಗಿದ ಮೇಲೆ 1947ರಲ್ಲಿ ಮ್ಯೂನಿಕ್‌ನ ಒಂದು ಚರ್ಚಲ್ಲಿ ಕೊರಿ ದೇವರ ಕ್ಷಮೆ ಬಗ್ಗೆ ಮಾತಾಡಿ ಮುಗಿಸಿರ್ತಾಳೆ. ಜನ ಎದ್ದು ಹೋಗ್ತಿರ್ತಾರೆ, ಒಬ್ಬ ಮಾತ್ರ ಎದುರಿಗೆ ಬರ್ತಾನೆ. ನೋಡಿದ ಕೂಡ್ಲೇ ಗುರುತು ಸಿಗುತ್ತೆ. ಶಿಬಿರದಲ್ಲಿ ಸ್ನಾನದ ಕೋಣೆ ಬಾಗಿಲಲ್ಲಿ ಕಾವಲು ನಿಲ್ತಿದ್ದೋನು, ಬಟ್ಟೆ ಬಿಚ್ಚಿಸಿ ಹೆಂಗಸರನ್ನ ಸಾಲಾಗಿ ಅವನ ಮುಂದೇನೇ ನಡೆಸ್ತಿದ್ರು, ಆ ಸಾಲಲ್ಲಿ ಮೂಳೆ ಕಾಣ್ತಿದ್ದ ಬೆಟ್ಸಿನೂ ಇದ್ಲು. ಅವನು ಕೈ ಚಾಚ್ತಾನೆ. ಇವಳ ಕೈ ಮೇಲೇಳಲ್ಲ. ಇಷ್ಟು ಹೊತ್ತು ಕ್ಷಮೆ ಅಂತ ಉಪದೇಶ ಮಾಡಿದೋಳ ಕೈ!

ನನ್ನ ಕಥೆನೂ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಯಾಕೆ ಇದನ್ನ ಬರೀತಿದೀನಿ ಅಂತ ನಿಮಗೆ ಅರ್ಥ ಆಗಲ್ಲ. ನಮ್ಮ ತೋಟಕ್ಕೂ ಮನೆಗೂ ಬೆಟ್ಟದ ಅಬ್ಬಿಯಿಂದ ನೀರು ಬರ್ತಿತ್ತು, ಅಜ್ಜನ ಕಾಲದಿಂದ ಎರಡು ಮನೆಗೂ ಪಾಲು. ಹದಿನೈದು ವರ್ಷದ ಹಿಂದೆ ಚಿಕ್ಕಪ್ಪನ ಮಗ ಪೈಪು ತಿರುಗಿಸ್ಕೊಂಡ. ಅಪ್ಪ ಎರಡು ಬೇಸಿಗೆ ಕೊಡದಲ್ಲಿ ನೀರು ಹೊತ್ರು. ಮೂರನೇ ಬೇಸಿಗೆಗೆ ಅವರು ಇರಲಿಲ್ಲ. ಅಣ್ಣತಮ್ಮ ಮಾತಾಡ್ಕೊಳ್ಳದೇನೇ ಹೋದ್ರು ಇಬ್ರೂ. ನಾನೊಬ್ಳೇ ಮಗಳು, ತೋಟ ಈಗ ನಾನೇ ನೋಡ್ಕೊಳ್ತೀನಿ, ಬೋರ್ ಹೊಡೆಸಿದೀನಿ, ನೀರಿಗೆ ತೊಂದರೆ ಇಲ್ಲ. ಆದ್ರೆ ಹೋದ ತಿಂಗಳು ಅವನು ಜಗಲಿಗೆ ಬಂದು ‘ಅಕ್ಕಾ, ಶ್ರಾವಣದಲ್ಲಿ ಮಗಳ ಮದುವೆ, ನೀನು ಬರಲೇಬೇಕು’ ಅಂತ ಮೂಲೆಗೆ ಅರಿಶಿನ ಹಚ್ಚಿದ ಕಾಗದ ಚಾಚ್ದ. ನಾನು ಒದ್ದೆ ಕೊಡೆ ಮಡಚೋ ನೆಪ ಮಾಡ್ಕೊಂಡು ನಿಂತೆ. ಅವನು ಸ್ವಲ್ಪ ಹೊತ್ತು ನೋಡಿ ಕಾಗದ ಜಗಲಿ ಮೇಲಿಟ್ಟು ಹೋದ. ಇನ್ನೂ ಅಲ್ಲೇ ಇದೆ.

ಈ ಪುಸ್ತಕ ಓದಿದೋರು ಯಾರಾದ್ರೂ ಇದೀರಾ? ಆ ಪುಟ ನಿಮಗೆ ಏನು ಮಾಡ್ತು?

ದುರ್ಗಿಗುಡಿ ಓದುಗ, ಶಿವಮೊಗ್ಗ

ಓದಿದೀನಿ ಅಕ್ಕ, ಕಾಲೇಜಲ್ಲಿದ್ದಾಗ ಒಂದ್ಸಲ, ಈಗ ನಿಮ್ಮ ಪೋಸ್ಟ್ ನೋಡಿ ಮತ್ತೆ ತಿರುವಿ ಹಾಕಿದೆ. ನಂಗೆ ಆ ಪುಟ ಮೊದಲ ಸಲ ಓದಿದಾಗ ಸಿಟ್ಟು ಬಂದಿತ್ತು, ಅದನ್ನ ನೇರವಾಗೇ ಹೇಳ್ತೀನಿ. ಹಾಲೆಂಡಿನಲ್ಲಿದ್ದ ಯಹೂದ್ಯರಲ್ಲಿ ನೂರಕ್ಕೆ 75ರಷ್ಟು ಜನ ಸತ್ರು. 1944ರ ಆಗಸ್ಟಲ್ಲಿ ಹಾರ್ಲೆಮ್‌ಗೆ ಹತ್ತಿರದ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಆನ್ ಫ್ರಾಂಕ್ ಮನೆಯವರನ್ನೂ ಹೀಗೇ ಅಡಗಿದ್ದ ಜಾಗದಿಂದ ಹಿಡಿದ್ರು, ಆ ಹುಡುಗಿ ವಾಪಸ್ ಬರಲಿಲ್ಲ. ಇಷ್ಟೆಲ್ಲ ಆದ್ಮೇಲೆ ಒಬ್ಬ ಕಾವಲಿನೋನು ಬಂದು ಕೈ ಚಾಚಿದ್ರೆ, ಕೊರಿ ತನಗೆ ಆಗಿದ್ದನ್ನ ಕ್ಷಮಿಸಬಹುದು, ಆದ್ರೆ ಬೆಟ್ಸಿ ಪರವಾಗಿ ಕ್ಷಮಿಸೋಕೆ ಇವಳಿಗೆ ಯಾರು ಅಧಿಕಾರ ಕೊಟ್ರು? ಉಳಿದ ಸಾವಿರಾರು ಹೆಂಗಸರ ಪರವಾಗಿ?

ಸೈಮನ್ ವೀಸೆಂಥಾಲ್ ಬರೆದ ‘ದಿ ಸನ್‌ಫ್ಲವರ್’ ಅಂತ ಇನ್ನೊಂದು ಇದೆ. ಅವರು ಸೆರೆಯಲ್ಲಿದ್ದ ಯಹೂದಿ, ಸಾಯ್ತಾ ಮಲಗಿದ್ದ ಒಬ್ಬ ನಾಜಿ ಸೈನಿಕ ಇವರನ್ನ ಕರೆಸ್ಕೊಂಡು ತಾನು ಯಹೂದ್ಯರನ್ನ ಹೇಗೆ ಕೊಂದೆ ಅಂತ ಎಲ್ಲ ಹೇಳಿ ಕ್ಷಮೆ ಕೇಳ್ತಾನೆ. ವೀಸೆಂಥಾಲ್ ಒಂದು ಮಾತೂ ಆಡದೆ ಎದ್ದು ಹೋಗ್ತಾರೆ. ಆಮೇಲೆ ಜೀವನಪೂರ್ತಿ ಅದನ್ನೇ ಯೋಚಿಸ್ತಾ, ನೀವು ನನ್ನ ಜಾಗದಲ್ಲಿದ್ರೆ ಏನು ಮಾಡ್ತಿದ್ರಿ ಅಂತ ಓದೋರನ್ನೇ ಕೇಳ್ತಾರೆ. ನಂಗೆ ಆ ಮೌನಾನೇ ಹೆಚ್ಚು ಪ್ರಾಮಾಣಿಕ ಅನ್ಸಿತ್ತು. ಸತ್ತೋರದ್ದು ಕ್ಷಮಿಸೋ ಹಕ್ಕು ಸತ್ತೋರದ್ದೇ.

ನಿಮ್ಮ ವಿಷಯದಲ್ಲೂ ಅದೇ ಅಲ್ವಾ ಅಕ್ಕ, ಕೊಡ ಹೊತ್ತಿದ್ದು ನಿಮ್ಮಪ್ಪ.

ಟೀಚರಮ್ಮ, ಶಿವಮೊಗ್ಗ

ದುರ್ಗಿಗುಡಿಯವರೇ, ನಿಮ್ಮ ಪ್ರಶ್ನೆ ನಂಗೂ ಇದೆ, ಅದನ್ನ ತಳ್ಳಿಹಾಕಲ್ಲ. ನಾನು ಕ್ರೈಸ್ತಳು, ಸಣ್ಣೋಳಿದ್ದಾಗಿಂದ ದಿನಾ ರಾತ್ರಿ ಊಟಕ್ಕೆ ಮುಂಚೆ ನಮಗೆ ತಪ್ಪು ಮಾಡಿದೋರನ್ನ ನಾವು ಕ್ಷಮಿಸಿದ ಹಾಗೆ ನಮ್ಮನ್ನೂ ಕ್ಷಮಿಸು ಅಂತ ಹೇಳ್ಕೊಂಡೇ ಬೆಳೆದೋಳು. ಬಾಯಿಪಾಠ ಆಗಿರೋ ಮಾತು, ಅರ್ಥ ಬೇರೆ. ಯಜಮಾನ್ರ ಆಪರೇಷನ್ ಸಮಯದಲ್ಲಿ ನಮ್ಮ ಹತ್ತಿರದೋರೇ ಒಬ್ರು ದುಡ್ಡಿನ ವಿಷಯದಲ್ಲಿ ಕೈಕೊಟ್ರು, ಆಗ ಒಂದು ವರ್ಷ ಆ ಸಾಲು ಬಂದಾಗ ನಾನು ಬಾಯಿ ಮುಚ್ಕೊಂಡು ಉಳಿದೋರು ಹೇಳೋದನ್ನ ಕೇಳ್ತಿದ್ದೆ ಅಷ್ಟೇ. ಸುಳ್ಳು ಹೇಳೋಕೆ ಮನಸ್ಸು ಬರ್ತಿರಲಿಲ್ಲ.

ಅದಕ್ಕೇ ಆ ಪುಟ ನಂಗೆ ಬೇರೆ ಥರ ಕಂಡಿದ್ದು. ಕೊರಿ ತನಗೆ ಪ್ರೀತಿ ಉಕ್ಕಿ ಬಂತು, ಹೋಗಿ ಕೈ ಹಿಡ್ದೆ ಅಂತ ಬರ್ದಿಲ್ಲ. ಒಳಗೆ ಏನೂ ಇರಲಿಲ್ಲ, ಒಂದು ಕಿಡಿನೂ ಇರಲಿಲ್ಲ ಅಂತಾನೇ ಬರೀತಾಳೆ. ನನ್ನಿಂದ ಆಗಲ್ಲ, ನೀನೇ ಕೊಡು ಅಂತ ದೇವರನ್ನ ಕೇಳ್ಕೊಂಡು ಮರದ ಕೈ ಎತ್ತಿದ ಹಾಗೆ ಕೈ ಎತ್ತುತಾಳೆ. ಕೈ ಕೈಗೆ ತಾಗಿದ ಮೇಲೆ ಭುಜದಿಂದ ಕೆಳಗೆ ಏನೋ ಹರಿದು ಹೋಯ್ತು ಅಂತಾಳೆ. ಮನಸ್ಸು ತಯಾರಾಗಲಿ, ಆಮೇಲೆ ಹೋಗೋಣ ಅಂತ ಕಾದಿದ್ರೆ ಅವಳು ಸಾಯೋವರೆಗೂ ಅಲ್ಲೇ ನಿಂತಿರ್ತಿದ್ಲು. ಕೈ ಮೊದಲು ಹೋಯ್ತು, ಮನಸ್ಸು ಹಿಂದಿಂದ ಬಂತು.

ಅಬ್ಬಿನೀರು ಅವರೇ, ನೀವು ಕೊಡೆ ಮಡಚ್ತಾ ನಿಂತಿದ್ದು ಓದಿ ನಂಗೆ ಕಣ್ಣು ತುಂಬಿ ಬಂತು ತಾಯಿ. ಅದು ಅಪರಾಧ ಅಲ್ಲ.

ಕೊಪ್ಪದ ಮೇಷ್ಟ್ರು

ಪುಸ್ತಕದ ಬಗ್ಗೆ ನಂಗೆ ಒಂದೆರಡು ತಕರಾರಿದೆ, ಹೇಳ್ಬಿಡ್ತೀನಿ. ಆ ವಿಟಮಿನ್ ಸೀಸೆ ಪ್ರಸಂಗ. ಬೆಟ್ಸಿಗೆ ಅಂತ ಕದ್ದು ಒಳಗೆ ತಂದ ಪುಟ್ಟ ಸೀಸೆ, ಹಂಚಿದಷ್ಟೂ ಹನಿ ಬರ್ತಾನೇ ಇತ್ತು, ಬೇರೆ ವಿಟಮಿನ್ ಸಿಕ್ಕಿದ ದಿನ ನಿಂತು ಹೋಯ್ತು ಅಂತ. ನಂಗೆ ನಂಬಿಕೆ ಬರಲಿಲ್ಲ. ಆದ್ರೆ ಚಿಗಟದ ಕಥೆ ನಂಬ್ತೀನಿ, ಯಾಕಂದ್ರೆ ಅದರಲ್ಲಿ ಪವಾಡ ಏನೂ ಇಲ್ಲ, ಹೇಗೆ ನಡೀತು ಅನ್ನೋದು ಕಣ್ಣಿಗೆ ಕಾಣುತ್ತೆ.

ಓದದೋರಿಗೆ: ಅವರನ್ನ ಹಾಕಿದ ಬ್ಯಾರಕ್ ತುಂಬಾ ಚಿಗಟ, ಹುಲ್ಲಿನ ಹಾಸಿಗೆಗೆ ಕಾಲಿಟ್ರೆ ಮೈಗೆ ಹತ್ತೋದು. ಬೆಟ್ಸಿ ಎಲ್ಲದಕ್ಕೂ ದೇವರಿಗೆ ಥ್ಯಾಂಕ್ಸ್ ಹೇಳ್ಬೇಕು, ಚಿಗಟಕ್ಕೂ ಹೇಳು ಅಂತಾಳೆ. ಕೊರಿಗೆ ಇದೊಂದು ಮಾತ್ರ ಆಗಲ್ಲ ಅನ್ಸುತ್ತೆ. ಇಬ್ರೂ ಕದ್ದು ತಂದ ಬೈಬಲ್ ಇಟ್ಕೊಂಡು ರಾತ್ರಿ ಮಂಕು ಬಲ್ಬಿನ ಕೆಳಗೆ ಓದ್ತಾರೆ, ಸುತ್ತ ಹೆಂಗಸರು ಸೇರ್ತಾರೆ, ಒಬ್ಬರು ಡಚ್ಚಲ್ಲಿ ಓದಿದ್ದು ಜರ್ಮನ್, ಫ್ರೆಂಚ್, ಪೋಲಿಷ್ ಅಂತ ಬಾಯಿಂದ ಬಾಯಿಗೆ ದಾಟ್ಕೊಂಡು ಹಿಂದಿನ ಸಾಲಿಗೆ ಹೋಗುತ್ತೆ. ಕಾವಲಿನವರು ಯಾಕೆ ಒಳಗೆ ಬರಲ್ಲ ಅಂತ ತುಂಬಾ ದಿನ ಗೊತ್ತೇ ಆಗಲ್ಲ. ಒಂದಿನ ಕಾಲುಚೀಲ ಹೆಣೆಯೋ ಕೆಲಸದಲ್ಲಿ ಅಳತೆ ಗೊಂದಲ ಆಗಿ ಮೇಲ್ವಿಚಾರಕಿಯನ್ನ ಕರೀತಾರೆ, ಅವಳು ಬಾಗಿಲು ದಾಟಲ್ಲ, ಒಳಗೆ ಚಿಗಟ ಇದೆ ಅಂತ! ಅವತ್ತು ಗೊತ್ತಾಗುತ್ತೆ ಆ ಕೋಣೇನ ಕಾಪಾಡಿದ್ದು ಯಾವುದು ಅಂತ.

ನಾವು ಮಲೆನಾಡಿನೋರು ಇಂಬಳಕ್ಕೆ, ಅಂದ್ರೆ ಕಾಡಿನ ಜಿಗಣೆಗೆ, ಥ್ಯಾಂಕ್ಸ್ ಹೇಳಿದ ಹಾಗೆ ಅದು. ನಾನು ಇದನ್ನ ಮಕ್ಕಳಿಗೆ ಹೇಳ್ದಾಗ ಒಬ್ಬ ಹುಡುಗ ಎದ್ದು ಸಾರ್, ಇಂಬಳ ಇಲ್ದಿದ್ರೆ ನಮ್ಮ ಕಾಡಿಗೆ ಇನ್ನೂ ಜಾಸ್ತಿ ಜನ ನುಗ್ತಿದ್ರು ಅಂದ. ಆ ಮಾತು ಇನ್ನೂ ನೆನಪಿದೆ.

ಇನ್ನೊಂದು ತಕರಾರು ದೊಡ್ಡದು, ಸತ್ಯದ ವಿಷಯ. ಕೊರಿಯ ಇನ್ನೊಬ್ಬ ಅಕ್ಕ ನೋಲ್ಲಿ ಅಂತ, ಸುಳ್ಳೇ ಹೇಳಲ್ಲ. ಪೊಲೀಸ್ ಬಂದು ಮನೆಯಲ್ಲಿದ್ದ ಹುಡುಗಿ ತೋರಿಸಿ ಇವಳು ಯಹೂದಿನಾ ಅಂದ್ರೆ ಹೌದು ಅಂದ್ಬಿಡ್ತಾಳೆ. ಕೊರಿ ಇದನ್ನ ಕೇಳಿ ಕುದ್ದು ಹೋಗ್ತಾಳೆ, ಯಾಕಂದ್ರೆ ಅವಳು ಅಷ್ಟೊತ್ತಿಗೆ ನೂರು ರೇಷನ್ ಕಾರ್ಡ್ ಕದ್ದು ತರಿಸಿದೋಳು, ಗಂಟೆಗೊಂದು ಸುಳ್ಳು ಹೇಳ್ತಿದ್ದೋಳು. ಆಮೇಲೆ ಆ ಹುಡುಗೀನ ಇಟ್ಟಿದ್ದ ಜಾಗಕ್ಕೆ ಹೊರಗಿನೋರು ನುಗ್ಗಿ ನಲವತ್ತು ಜನರನ್ನ ಬಿಡಿಸ್ತಾರೆ, ಅದರಲ್ಲಿ ಅವಳೂ ಬಚಾವಾಗ್ತಾಳೆ. ನಾವು ಪುಣ್ಯಕೋಟಿ ಕೇಳ್ಕೊಂಡು ಬೆಳೆದೋರು, ಸತ್ಯ ಹೇಳಿದ್ರೆ ಹುಲಿನೂ ಕರಗುತ್ತೆ ಅಂತ. ಆದ್ರೆ ಪುಣ್ಯಕೋಟಿ ಒತ್ತೆ ಇಟ್ಟಿದ್ದು ತನ್ನ ಜೀವ. ನೋಲ್ಲಿ ಒತ್ತೆ ಇಟ್ಟಿದ್ದು ಬೇರೆಯೋಳ ಜೀವ. ಇಲ್ಲಿ ನಾನು ಕೊರಿ ಕಡೆ. ಹೊಸಿಲಿಗೆ ಬಂದೋರ ಜೀವ ಉಳಿಸೋಕೆ ಹೇಳೋ ಸುಳ್ಳಿಗೆ ಯಾವ ದೇವರೂ ಲೆಕ್ಕ ಕೇಳಲ್ಲ.

ಆಗುಂಬೆ ಕಡೆಯೋನು

ಮೇಷ್ಟ್ರೇ ಹಂಗಾದ್ರೆ ಇದೂ ದುರ್ಗಿಗುಡಿಯವರ ಪ್ರಶ್ನೇನೇ ಆಯ್ತಲ್ಲ. ಬೇರೆಯೋರ ಜೀವ ನಾವು ಒತ್ತೆ ಇಡೋ ಹಾಗಿಲ್ಲ, ಬೇರೆಯೋರ ನೋವು ನಾವು ಮನ್ನಾ ಮಾಡೋ ಹಾಗಿಲ್ಲ.

ಕೊಪ್ಪದ ಮೇಷ್ಟ್ರು

ಹೌದು ಮಾರಾಯ್ರೆ. ನಂಗೆ ಹೊಳೆದಿರಲಿಲ್ಲ.

ಮುಳುಗಡೆ ಮೊಮ್ಮಗ, ಶಿವಮೊಗ್ಗ

ಎರಡು ದಿನದಿಂದ ಓದ್ತಾ ಇದೀನಿ, ಬರೀಲೋ ಬೇಡ್ವೋ ಅಂತ. ನಮ್ಮದು ಶರಾವತಿ ಮುಳುಗಡೆ ಕುಟುಂಬ. 1964ರಲ್ಲಿ ಲಿಂಗನಮಕ್ಕಿ ಡ್ಯಾಮು ಕಟ್ಟಿ ಮುಗೀತು, ಊರು ಗದ್ದೆ ತೋಟ ಎಲ್ಲ ನೀರಡಿ ಹೋಯ್ತು, ನಮ್ಮಜ್ಜನ ಮನೆಯವರನ್ನ ದನಕರು ಪಾತ್ರೆ ಪಗಡ ಸಮೇತ ಲಾರಿಗೆ ತುಂಬಿ ಕಾಡಲ್ಲಿ ಇಳಿಸಿ ಹೋದ್ರು. ಆ ಕರೆಂಟಲ್ಲಿ ನಾಡು ಬೆಳಗ್ತು, ನಮ್ಮಜ್ಜನ ಹೊಸ ಮನೆಗೆ ಕರೆಂಟು ಬರೋಕೆ ಎಷ್ಟು ವರ್ಷ ಹಿಡೀತು ಅಂತ ಹೇಳಿದ್ರೆ ನಂಬಲ್ಲ. ಅರವತ್ತು ವರ್ಷ ದಾಟಿದ್ರೂ ಎಷ್ಟೋ ಮುಳುಗಡೆ ಕುಟುಂಬಗಳಿಗೆ ಹಕ್ಕುಪತ್ರ ಕೈಗೆ ಬಂದಿಲ್ಲ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಿರೇಭಾಸ್ಕರದ ಹಳೇ ಡ್ಯಾಮು ಮೇಲೆ ಕಾಣುತ್ತೆ, ಜನ ಫೋಟೋ ತೆಗೆಸ್ಕೊಳ್ಳೋಕೆ ಹೋಗ್ತಾರೆ. ನಮ್ಮಜ್ಜ ಹೋದ್ರೆ ಅದರ ಕಡೆ ನೋಡ್ತಿರಲಿಲ್ಲ, ಆಚೆ ದಿಕ್ಕಿಗೆ ಕೈ ತೋರಿಸಿ ಅಲ್ಲಿ ನಮ್ಮ ಕಣ ಇತ್ತು, ಅಲ್ಲಿ ಹಲಸಿನ ಮರ ಅನ್ನೋರು. ಕೈ ತೋರಿಸಿದ ಕಡೆ ಬರೀ ಕೆಸರು.

ನಾನು ಹೇಳೋದು ಇಷ್ಟೇ. ಕೊರಿ ಎದುರಿಗೆ ಒಬ್ಬ ಮನುಷ್ಯ ಬಂದು ಕೈ ಚಾಚ್ದ. ಅಬ್ಬಿನೀರಕ್ಕನ ಎದುರಿಗೂ ಒಬ್ಬ ಬಂದು ಕಾಗದ ಚಾಚ್ದ. ನಮ್ಮಜ್ಜನ ಎದುರಿಗೆ ಯಾರೂ ಬರಲಿಲ್ಲ. ಯಾವ ಕಚೇರಿಯೂ ತಪ್ಪಾಯ್ತು ಅನ್ನಲಿಲ್ಲ. ಅಂಥ ಕಡೆ ಕ್ಷಮಿಸಿ ಬಿಡಿ ಅನ್ನೋದು ಉಪದೇಶ ಅಲ್ಲ, ಬಾಯಿ ಮುಚ್ಚಿ ಅಂತ ಹೇಳೋದು. ಕ್ಷಮಿಸಿದೋರು ಬೇಗ ಚೇತರಿಸ್ಕೊಂಡ್ರು, ದ್ವೇಷ ಇಟ್ಕೊಂಡೋರು ಹಾಗೇ ಉಳಿದ್ರು ಅಂತ ಯುದ್ಧ ಆದ್ಮೇಲಿನ ತನ್ನ ಅನುಭವದಿಂದ ಕೊರಿ ಬರೀತಾಳಲ್ಲ, ಅದನ್ನ ಓದಿ ನಂಗೆ ನೋವಾಯ್ತು. ನಮ್ಮಜ್ಜ ಕಹಿ ಮನುಷ್ಯ ಆಗಿರಲಿಲ್ಲ. ಕೊನೇವರೆಗೂ ಅರ್ಜಿ ಬರೀತಾ ಇದ್ರು, ಅಷ್ಟೇ.

ದುರ್ಗಿಗುಡಿ ಓದುಗ, ಶಿವಮೊಗ್ಗ

ಅಣ್ಣ, ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಬರ್ದಿದ್ದಕ್ಕೆ ಥ್ಯಾಂಕ್ಸ್.

ಟೀಚರಮ್ಮ, ಶಿವಮೊಗ್ಗ

ಮಗಾ, ನಿಮ್ಮಜ್ಜ ಅರ್ಜಿ ಬರೆದಿದ್ದು ದ್ವೇಷ ಅಂತ ಯಾರಾದ್ರೂ ಅಂದ್ರೆ ಅವರು ಈ ಪುಸ್ತಕಾನೂ ಸರಿಯಾಗಿ ಓದಿಲ್ಲ. ಕ್ಷಮೆ ಬೇರೆ, ನ್ಯಾಯ ಬಿಟ್ಕೊಡೋದು ಬೇರೆ. ರಾವೆನ್ಸ್‌ಬ್ರುಕ್ ಶಿಬಿರದವರ ಮೇಲೆ ಯುದ್ಧ ಮುಗಿದ್ಮೇಲೆ ಹ್ಯಾಂಬರ್ಗ್‌ನಲ್ಲಿ ಬ್ರಿಟಿಷರು ವಿಚಾರಣೆ ನಡೆಸಿದ್ರು, 1946ರ ಕೊನೆಯಿಂದ 1948ರವರೆಗೆ ನಡೀತು, ಹಲವರಿಗೆ ಗಲ್ಲು ಆಯ್ತು. ತನ್ನ ಮನೆಯವರನ್ನ ಹಿಡ್ಕೊಟ್ಟೋನು ಯಾರು ಅಂತ ಗೊತ್ತಾದ ಮೇಲೆ ಕೊರಿ ಅವನಿಗೊಂದು ಪತ್ರ ಬರ್ದು ಕ್ಷಮಿಸಿದೀನಿ ಅಂತ ಹೇಳಿದ್ಲು, ಹಾಗಂತ ಕೋರ್ಟು ಬೇಡ ಅನ್ನಲಿಲ್ಲ. ಎರಡೂ ಅವುಗಳ ಪಾಡಿಗೆ ನಡೀತು.

ಕೀಲಿ ಗಡಿಯಾರ, ಗಾಂಧಿ ಬಜಾರ್

ನಾನು ಪುಸ್ತಕ ಓದಿಲ್ಲ, ಇಂಗ್ಲಿಷ್ ಅಷ್ಟು ಬರಲ್ಲ. ಮಗ ಈ ಚರ್ಚೆ ತೋರಿಸಿ ಅಪ್ಪಾ ಇದು ನಿಮ್ಮ ಕಸುಬಿನೋರ ಕಥೆ ಅಂದ, ಅವನೇ ಮೂರು ರಾತ್ರಿ ಕೂತು ಕನ್ನಡದಲ್ಲಿ ಹೇಳ್ದ. ನಲವತ್ತು ವರ್ಷದಿಂದ ವಾಚ್ ರಿಪೇರಿ ಮಾಡ್ತೀನಿ, ಈಗ ಬರೋದೆಲ್ಲ ಸೆಲ್ ಹಾಕೋ ಕೆಲಸ, ಅಪರೂಪಕ್ಕೆ ಯಾರಾದ್ರೂ ಅಜ್ಜನ ಎಚ್‌ಎಂಟಿ ತಂದ್ರೆ ಅವತ್ತು ಹಬ್ಬ.

ಕೊರಿ ಆ ದೇಶದಲ್ಲಿ ಲೈಸೆನ್ಸ್ ತಗೊಂಡ ಮೊದಲ ಹೆಣ್ಣು ವಾಚ್‌ಮೇಕರ್ ಅಂತೆ, ಇದನ್ನ ಕೇಳಿ ತುಂಬಾ ಖುಷಿ ಆಯ್ತು. ಅವರಪ್ಪ ಪ್ರತಿ ವಾರ ರೈಲಲ್ಲಿ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿ ಸರಿಯಾದ ಟೈಮ್ ಮಿಲಾಯಿಸ್ಕೊಂಡು ಬರ್ತಿದ್ರಂತೆ. ಆ ಮನುಷ್ಯನ ಮನಸ್ಸು ನಂಗೆ ಅರ್ಥ ಆಗುತ್ತೆ. ಕಣ್ಣಿಗೆ ಗ್ಲಾಸ್ ಸಿಗಿಸ್ಕೊಂಡು ಚಿಮಟದಲ್ಲಿ ಹೇರ್‌ಸ್ಪ್ರಿಂಗ್ ಹಿಡ್ದಾಗ ಉಸಿರು ಸಹ ನೋಡ್ಕೊಂಡು ಬಿಡ್ಬೇಕು, ಕೂದಲಿಗಿಂತ ಸಣ್ಣದು, ಒಂದ್ಸಲ ಸೊಟ್ಟ ಆದ್ರೆ ವಾಚು ಜೀವಮಾನ ಪೂರ್ತಿ ತಪ್ಪು ಟೈಮೇ ತೋರ್ಸೋದು. ಅದನ್ನ ನೆಟ್ಟಗೆ ಮಾಡೋಕೆ ಜೋರು ಮಾಡೋ ಹಾಗಿಲ್ಲ, ಸ್ವಲ್ಪ ಒತ್ತಬೇಕು, ಬಿಡಬೇಕು, ನೋಡ್ಬೇಕು, ಮತ್ತೆ ಸ್ವಲ್ಪ ಒತ್ತಬೇಕು.

ಫೋನಲ್ಲಿ ಯಹೂದ್ಯರ ಬಗ್ಗೆ ಮಾತಾಡುವಾಗ ಗಡಿಯಾರದ ಮಾತಲ್ಲೇ ಆಡ್ತಿದ್ರಂತೆ, ಒಂದು ವಾಚ್ ಬಂದಿದೆ, ಮುಖದ್ದೇ ತೊಂದರೆ, ಯಾರೂ ರಿಪೇರಿಗೆ ತಗೊಳ್ತಿಲ್ಲ ಅಂತ. ಅಂದ್ರೆ ನೋಡಿದ ಕೂಡ್ಲೇ ಯಹೂದಿ ಅಂತ ಗೊತ್ತಾಗೋ ಮುಖ. ಕಿಟಕಿಯಲ್ಲಿ ಆಲ್ಪಿನಾ ವಾಚಿನ ಬೋರ್ಡ್ ಇದ್ರೆ ಒಳಗೆ ಬರಬಹುದು, ಇಲ್ದಿದ್ರೆ ಅಪಾಯ. ನಮ್ಮ ಅಂಗಡಿಲೂ ಅಂಥವು ಎಷ್ಟು ಬೋರ್ಡ್ ಇದಾವೆ, ಈಗ ಅವುಗಳ ಕಡೆ ನೋಡ್ದಾಗೆಲ್ಲ ನೆನಪಾಗುತ್ತೆ.

ನಂದೊಂದು ಹೇಳ್ತೀನಿ. ಇಪ್ಪತ್ತು ವರ್ಷದ ಹಿಂದೆ ಒಬ್ಬ ಗಿರಾಕಿ ನಾನು ಅವನ ವಾಚಿನ ಮಿಷನ್ ಬದಲಾಯಿಸಿ ಕದ್ದೆ ಅಂತ ಬಜಾರಲ್ಲಿ ನಿಂತು ಕೂಗಾಡ್ದ. ನಾಲ್ಕು ಜನ ಸೇರಿದ್ರು. ಆಮೇಲೆ ಅದು ಅವನ ಮನೇಲೇ ಬೇರೆ ವಾಚ್ ಜೊತೆ ಅದಲುಬದಲು ಆಗಿದ್ದು ಅಂತ ಗೊತ್ತಾಯ್ತಂತೆ, ಬೇರೆಯೋರು ಹೇಳಿದ್ರು. ಅವನು ಬಂದು ಒಂದು ಮಾತು ಹೇಳಲಿಲ್ಲ. ಈಗಲೂ ದಿನಾ ಅಂಗಡಿ ಮುಂದೇನೇ ಹೋಗ್ತಾನೆ. ಮುಳುಗಡೆಯವರೇ ನಿಮ್ಮ ದುಃಖದ ಮುಂದೆ ನಂದು ಏನೂ ಅಲ್ಲ, ಆದ್ರೆ ಕೈ ಚಾಚದೇ ಇರೋರನ್ನ ಏನು ಮಾಡೋದು ಅನ್ನೋದು ನನ್ನ ಪ್ರಶ್ನೆನೂ ಹೌದು. ಇಪ್ಪತ್ತು ವರ್ಷ ಅವನು ಹೋಗುವಾಗ ನಾನು ತಲೆ ಬಗ್ಗಿಸ್ಕೊಂಡು ಕೆಲಸ ನೋಡಿದೀನಿ, ತಪ್ಪು ಮಾಡಿದೋನ ಹಾಗೆ. ಮೊನ್ನೆಯಿಂದ ತಲೆ ಎತ್ತಿ ನೋಡ್ತಿದೀನಿ. ಅಷ್ಟೇ ಆಗಿರೋದು.

ಹೊಂಬುಜದ ಹುಡುಗ, ಹುಂಚ

ನಮ್ಮ ಜೈನರಲ್ಲಿ ಭಾದ್ರಪದದ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿ ಅಂತ ಇದೆ. ಮನೆಯಲ್ಲಿ, ಬಸದಿಯಲ್ಲಿ ಸಿಕ್ಕಿದೋರನ್ನೆಲ್ಲ ಗೊತ್ತಿದ್ದೋ ಗೊತ್ತಿಲ್ದೋ ತಪ್ಪಾಗಿದ್ರೆ ಕ್ಷಮಿಸಿ ಅಂತ ಕೇಳ್ತೀವಿ, ಅಪ್ಪ ಮಗನನ್ನ, ಅತ್ತೆ ಸೊಸೆಯನ್ನ. ಈ ಚರ್ಚೆ ಓದ್ತಾ ಅನ್ಸಿದ್ದು ಏನಂದ್ರೆ ನಮ್ಮಲ್ಲಿ ಭಾರ ಎಲ್ಲ ಕೇಳೋರ ಮೇಲೆ ಇದೆ, ಈ ಪುಸ್ತಕದಲ್ಲಿ ಕೊಡೋರ ಮೇಲೆ. ಎಲ್ರನ್ನೂ ಕೇಳೋ ದಿನ ಕೇಳೋದು ಸುಲಭ. ನಾನೂ ಫೋನಲ್ಲಿ ಒಂದೇ ಮೆಸೇಜ್ ನೂರು ಜನಕ್ಕೆ ಕಳಿಸ್ತೀನಿ. ನಿಜವಾಗಿ ಯಾರ ಹತ್ರ ಕೇಳಬೇಕೋ ಆ ಒಬ್ಬ ಗೆಳೆಯನ ನಂಬರು ಆ ನೂರರಲ್ಲಿ ಇರಲ್ಲ. ಈ ಸಲ ಅವನ ಮನೆಗೇ ಹೋಗ್ತೀನಿ.

ಟೀಚರಮ್ಮ, ಶಿವಮೊಗ್ಗ

ಇನ್ನೂ ಎರಡು ವಿಷಯ ಹೇಳೋದಿದೆ. ಅಬ್ಬಿನೀರು ಅವರು ಎಂಟು ದಿನದಿಂದ ಮಾತಾಡಿಲ್ಲ, ಓದ್ತಿರಬಹುದು ಅಂತ ಬರೀತೀನಿ.

ಯುದ್ಧ ಮುಗಿದ ಮೇಲೆ ಕೊರಿ ಬ್ಲೂಮೆಂಡಾಲ್ ಅನ್ನೋ ಕಡೆ ಶಿಬಿರಗಳಿಂದ ಬದುಕಿ ಬಂದೋರಿಗೆ ಒಂದು ಮನೆ ನಡೆಸ್ತಾಳೆ, ಬೆಟ್ಸಿ ಸಾಯೋ ಮುಂಚೆ ಕಂಡ ಕನಸು ಅದು. ಅದೇ ಹೊತ್ತಿಗೆ ಜರ್ಮನ್ನರ ಜೊತೆ ಸೇರ್ಕೊಂಡಿದ್ದ ಡಚ್ಚರನ್ನ ಯಾರೂ ಮನೆಗೆ ಸೇರಿಸ್ತಿರಲಿಲ್ಲ, ಅವರನ್ನ ಹಾರ್ಲೆಮ್‌ನ ತನ್ನ ಹಳೇ ಮನೆಯಲ್ಲಿ ಇಟ್ಕೊಳ್ತಾಳೆ. ಈ ಮನೆಯವರಿಗೆ ಆ ಮನೆಯವರ ಹೆಸರೆತ್ತಿದ್ರೆ ಉರಿ. ಯಾರನ್ನೂ ಬಲವಂತ ಮಾಡಲ್ಲ ಅವಳು, ತೋಟದಲ್ಲಿ ಕೆಲಸ ಮಾಡೋಕೆ ಬಿಡ್ತಾಳೆ, ತರಕಾರಿ ಹೂವು ಬೆಳೀತಾರೆ. ಒಂದಿನ ಯಾರೋ ತಾವಾಗೇ ಕೇಳ್ತಾರೆ, ಆ ಮನೆಯವರಿಗೆ ಸ್ವಲ್ಪ ಕ್ಯಾರೆಟ್ ಕಳಿಸೋಣ್ವಾ ಅಂತ. ಗುಣ ಆಗ್ತಿದಾರೆ ಅಂತ ಅವಳಿಗೆ ಗೊತ್ತಾಗ್ತಿದ್ದಿದ್ದು ಹಾಗೆ. ಮ್ಯೂನಿಕ್‌ಗಿಂತ ನಂಗೆ ಈ ಕ್ಯಾರೆಟ್ಟೇ ಇಷ್ಟ.

ಎರಡನೇದು, ಒಂದ್ಸಲ ಕ್ಷಮಿಸಿದ ಮೇಲೂ ರಾತ್ರಿ ಎಚ್ಚರ ಆಗಿ ಅದೇ ಸಿಟ್ಟು ಬರ್ತಿದೆ ಅಂತ ಕೊರಿ ಒಬ್ಬ ಪಾದ್ರಿ ಹತ್ರ ಹೇಳ್ಕೊಂಡಿದ್ದನ್ನ ಅವಳೇ ಬೇರೆ ಕಡೆ ಬರ್ದಿದಾಳೆ. ಅವರು ಚರ್ಚಿನ ಗಂಟೆ ತೋರಿಸಿ, ಹಗ್ಗ ಬಿಟ್ಟ ಮೇಲೂ ಗಂಟೆ ಸ್ವಲ್ಪ ಹೊತ್ತು ಹೊಡ್ಕೊಳ್ತಾನೇ ಇರುತ್ತೆ, ನಿಧಾನ ಆಗಿ ಆಗಿ ನಿಲ್ಲುತ್ತೆ, ಗಾಬರಿ ಆಗ್ಬೇಡ ಅಂದ್ರಂತೆ. ನಮ್ಮ ಚರ್ಚಲ್ಲಿ ಗಂಟೆ ಹೊಡೆದಾಗೆಲ್ಲ ನಾನು ಕೊನೇ ಸದ್ದಿನವರೆಗೂ ಕೇಳ್ಕೊಂಡು ನಿಲ್ತೀನಿ.

ಅಬ್ಬಿನೀರು, ಸಾಗರ

ಎಲ್ಲ ಓದ್ತಿದ್ದೆ, ಒಂದೊಂದನ್ನೂ ಎರಡೆರಡು ಸಲ. ಮುಳುಗಡೆಯವರದ್ದು ಓದಿ ಒಂದಿನ ಪೂರ್ತಿ ಏನೂ ಬೇಡ ಅನ್ಸಿತ್ತು. ನೀವು ಹೇಳಿದ್ದು ಸರಿ ತಮ್ಮಾ, ನನ್ನ ಜಗಲಿಗೆ ಒಬ್ಬ ಮನುಷ್ಯ ಬಂದಿದ್ದ, ಅದು ನಿಮ್ಮಜ್ಜನಿಗೆ ಸಿಗದ್ದು, ನಂಗೆ ಸಿಕ್ಕಿತ್ತು.

ನಿನ್ನೆ ಮಳೆ ಸ್ವಲ್ಪ ಹೊಳವಾಯ್ತು. ಕಾಗದ ಬಿಚ್ಚಿ ಓದ್ದೆ. ಕರೆಯುವವರ ಹೆಸರುಗಳಲ್ಲಿ ನಮ್ಮಪ್ಪನ ಹೆಸರು ಹಾಕಿಸಿದಾನೆ, ದಿವಂಗತ ಅಂತ, ತಮ್ಮಪ್ಪನ ಹೆಸರಿಗಿಂತ ಮೇಲೆ. ತುಂಬಾ ಹೊತ್ತು ಅದನ್ನೇ ನೋಡ್ತಾ ಕೂತಿದ್ದೆ. ಆಮೇಲೆ ಅಟ್ಟಕ್ಕೆ ಹತ್ತಿ, ಬೇಸಿಗೆಯಲ್ಲಿ ಬಾಳೆನಾರಲ್ಲಿ ಕಟ್ಟಿ ತೂಗುಹಾಕಿದ್ದ ಮೊಗೆಕಾಯಲ್ಲಿ ಎರಡು ಗಟ್ಟಿ ಇರೋದು ನೋಡಿ ಇಳಿಸ್ಕೊಂಡು ಚೀಲಕ್ಕೆ ಹಾಕಿ ಹೊರಟೆ. ಅವರ ಮನೆ ದಣಪೆ ದಾಟಿ ಹದಿನೈದು ವರ್ಷ ಆಗಿತ್ತು. ದಾರಿಯಲ್ಲೇ ಆ ಪೈಪು ಸಿಗುತ್ತೆ. ಪಾಚಿ ಹಿಡಿದಿದೆ, ಜಾಯಿಂಟಲ್ಲಿ ನೀರು ಸೋರ್ತಾ ಇತ್ತು, ಅಪ್ಪ ನೆನಪಾದ್ರು, ವಾಪಸ್ ಹೋಗ್ಬಿಡೋಣ ಅನ್ಸಿತು. ಮನಸ್ಸು ತಯಾರಿರಲಿಲ್ಲ ಟೀಚರಮ್ಮ, ಕಾಲು ಮಾತ್ರ ಹೋಯ್ತು.

ಅವನ ಹೆಂಡತಿ ಚೀಲ ಇಸ್ಕೊಂಡು ಅತ್ತಿಗೆ ಒಳಗೆ ಬನ್ನಿ ಅಂದ್ಲು. ಮದುವೆಗೆ ಅಕ್ಕಿ ಆರಿಸ್ತಾ ನಾಲ್ಕು ಜನ ಕೂತಿದ್ರು, ನಾನೂ ಒಂದು ಮೊರ ತಗೊಂಡು ಕೂತೆ. ಅವನು ಬಂದು ಬಾಗಿಲಲ್ಲಿ ನಿಂತ, ಏನೂ ಮಾತಾಡಲಿಲ್ಲ, ಒಂದು ಲೋಟ ಕಷಾಯ ತಂದು ನನ್ನ ಪಕ್ಕ ಇಟ್ಟ. ಹೊರಡುವಾಗ ನಾನೇ ಹೇಳ್ದೆ, ಮದುವೆಗೆ ಬರ್ತ್ನೋ, ಕೆಲಸಕ್ಕೂ ಬರ್ತ್ನೋ, ಆದ್ರೆ ಮದುವೆ ಮುಗಿದ ಮೇಲೆ ನೀರಿನ ವಿಷಯ ಕೂತು ಮಾತಾಡಬೇಕು, ಅಪ್ಪನ ಪಾಲು ಬಿಟ್ಟು ಹೋಗಲ್ಲ ನಾನು ಅಂತ. ಹೌದಕ್ಕಾ ಅಂದ. ತಲೆ ತಗ್ಗಿಸಿದ್ದ.

ದುರ್ಗಿಗುಡಿಯವರೇ, ಅಪ್ಪನ ಪರವಾಗಿ ನಾನು ಏನನ್ನೂ ಕ್ಷಮಿಸಿಲ್ಲ, ಅದು ನನ್ನ ಕೈಲಿಲ್ಲ. ನಂಗೆ ಆಗಿದ್ದು ಎಷ್ಟೋ ಅಷ್ಟರದ್ದೇ ಮಾತು.

ರಾತ್ರಿ ಮೂರು ಗಂಟೆಗೆ ಎಚ್ಚರ ಆಯ್ತು. ಮಳೆ ನಿಂತಿತ್ತು, ಬೆಟ್ಟದ ಕಡೆಯಿಂದ ಅಬ್ಬಿ ಸದ್ದು ಕೇಳ್ತಿತ್ತು, ಅಪ್ಪ ಎರಡು ಕೊಡ ಹಿಡ್ಕೊಂಡು ಏರು ಹತ್ತೋದು ಕಣ್ಣಿಗೆ ಕಟ್ತು, ಸಿಟ್ಟು ಹಾಗೇ ಇತ್ತು, ಎದೆ ಡವಡವ ಅಂತು. ಗಂಟೆ ನೆನಪಾಯ್ತು. ಎದ್ದು ಕೂತು ಕೇಳಿಸ್ಕೊಂಡೆ. ಬೆಳಗಾದ ಮೇಲೆ ಅಟ್ಟದಿಂದ ಇನ್ನೊಂದು ಮೊಗೆಕಾಯಿ ಇಳಿಸಿಟ್ಟಿದೀನಿ, ನಾಳೆ ಹಪ್ಪಳಕ್ಕೆ ಬರೋಕೆ ಹೇಳಿದಾರೆ.